ಗದಗಿನ ಗಿರಾಕಿಗೆ ನಮ್ಮ ಮಳಿಗೆ ಕಾಣುವುದು ಹೇಗೆ?



ಗದಗ-ಬೆಟಗೇರಿಯಲ್ಲಿ ನಮ್ಮ ಸಂಘ ತೆರೆದ ಕಾಫಿ ಪುಡಿಯ ಮಳಿಗೆ ಮೊದಲ ಆರು ತಿಂಗಳು ತನ್ನ ಬಾಡಿಗೆಯನ್ನೂ ದುಡಿಯಲಿಲ್ಲವೆಂಬುದು ವಾರ್ಷಿಕ ಸಭೆಗೆ ಬಂದವರಿಗೆಲ್ಲ ತಿಳಿದ ಸಂಗತಿ. ಮುಚ್ಚಿಬಿಡೋಣವೆಂದು ಕೆಲವರು, ಇನ್ನೊಂದು ವರ್ಷ ನೋಡೋಣವೆಂದು ಕೆಲವರು ವಾದಿಸಿದರು. ಮುಚ್ಚುವ ಮೊದಲು ಕಾರಣ ತಿಳಿಯಬೇಕೆಂದು ನಾನೇ ಹೋಗಿ ನಾಲ್ಕು ದಿನ ಮಳಿಗೆಯಲ್ಲಿ ಕುಳಿತೆ. ಪುಡಿಯಲ್ಲಿ ದೋಷವಿರಲಿಲ್ಲ. ಮೂರನೆಯ ದಿನ ಒಬ್ಬ ಹಿರಿಯರು ಬಂದು, “ಎರಡ ದಿನದಿಂದ ಹುಡಕಾಕತ್ತೇನ್ರಿ, ಫೋನಿನ್ಯಾಗ ಬ್ಯಾರೆ ಬೆಟಗೇರಿ ತೋರಸಾಕತ್ತೈತಿ” ಎಂದರು. ತೆಗೆದು ನೋಡಿದರೆ, ನಮ್ಮ ಮಳಿಗೆಯ ಗುರುತು ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ, ಅಂದರೆ ಆನಂದಕಂದರ ಊರಿನಲ್ಲಿ ಕುಳಿತಿತ್ತು! ಗುರುತು ಹಾಕಿದವನು ಬೇರೆ ಯಾರೂ ಅಲ್ಲ, ನಿಮ್ಮ ಕಾರ್ಯದರ್ಶಿಯೇ.

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಬೇಕಾದವನು ಯಾರನ್ನೂ ಕೇಳಬೇಕಿಲ್ಲ. ಪರಿಮಳ ಹಿಡಿದು ನಡೆದರೆ ಸಾಕು. ಗದಗಿನ ಕಡೆ ಹಾಗಲ್ಲ, ಅದು ಚಹದ ಸೀಮೆ. ಕಾಫಿ ಕುಡಿಯುವವರು ಅಲ್ಲಿ ಕಡಿಮೆ. ಆದರೆ ಕುಡಿಯುವವರು ಒಳ್ಳೆಯ ಪುಡಿಯನ್ನು ಹುಡುಕಿಯೇ ಕೊಳ್ಳಬೇಕು. ಆ ಹುಡುಕಾಟ ಈಗ ಫೋನಿನಲ್ಲಿ ನಡೆಯುತ್ತದೆ. (ಅಡಿಕೆಯ ಮಾತು ಬೇರೆ. ಚೀಲಗಟ್ಟಲೆ ಕೊಳ್ಳುವ ವ್ಯಾಪಾರಿ ಟೆಂಡರಿಗೆ ಬರುತ್ತಾನೆಯೇ ಹೊರತು ಗೂಗಲ್ ನೋಡಿ ಬರುವುದಿಲ್ಲ. ಅದಕ್ಕಾಗಿ ಯಾರೂ ಶ್ರಮಪಡಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ.)

ಹತ್ತಿರದ ಅಂಗಡಿಗಳ ಪಟ್ಟಿಯಲ್ಲಿ ಯಾರು ಮೇಲೆ ಬರಬೇಕೆಂಬುದಕ್ಕೆ ಗೂಗಲ್ ತಾನೇ ಹೇಳಿರುವ ಆಧಾರಗಳು ಮೂರು: ಕೇಳಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ದೂರ, ಮತ್ತು ಅಂಗಡಿಯ ಪ್ರಸಿದ್ಧಿ. ಹಣ ಕೊಟ್ಟು ಈ ಪಟ್ಟಿಯಲ್ಲಿ ಮೇಲೇರಲು ಬರುವುದಿಲ್ಲ. ಜಾಹೀರಾತು ಬೇರೆ, ಅದರ ಮೇಲೆ ಜಾಹೀರಾತೆಂದೇ ಬರೆದಿರುತ್ತದೆ. ಆದ್ದರಿಂದ “ಇಷ್ಟು ಸಾವಿರ ಕೊಡಿ, ಮೊದಲನೆಯ ಸ್ಥಾನ ಖಾತರಿ” ಎಂದು ಫೋನ್ ಮಾಡುವವರಿಗೆ ಸದಸ್ಯರು ಒಂದು ಪೈಸೆಯನ್ನೂ ಕೊಡಕೂಡದು.

ಹೊಂದಿಕೆಯ ವಿಷಯದಲ್ಲಿ ನಾವು ಮಾಡಬೇಕಾದ ಕೆಲಸ ಹೆಚ್ಚು. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ನೋಂದಣಿ ಉಚಿತ. 2021ರವರೆಗೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. ಇದರಲ್ಲಿ ವ್ಯಾಪಾರದ ವರ್ಗ, ತೆರೆಯುವ ವೇಳೆ, ವಾರದ ರಜೆ, ಫೋನ್ ನಂಬರು, ಮಳಿಗೆಯ ಮುಂಭಾಗದ ಫೋಟೋ ಇವೆಲ್ಲ ಇರತಕ್ಕದ್ದು. ವರ್ಗವನ್ನು ಬರಿಯ ‘ಅಂಗಡಿ’ ಎಂದು ಬಿಡದೆ ಕಾಫಿ ಮಾರುವ ಅಂಗಡಿಯೆಂದೇ ಆರಿಸಬೇಕು. ‘ಹೋಟೆಲು’ ಎಂದು ಆರಿಸಿದರೆ ಜನ ಇಡ್ಲಿ ಕೇಳಿಕೊಂಡು ಬರುತ್ತಾರೆ. 750 ಅಕ್ಷರಗಳ ಒಳಗೆ ವಿವರಣೆ ಬರೆಯಲು ಅವಕಾಶವಿದೆ. ಅದರಲ್ಲಿ ಚಿಕೋರಿ ಇಲ್ಲದ ಪುಡಿ, ಬೆರಕೆ ಪುಡಿ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬೆಟಗೇರಿಯನ್ನು ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ, ಲಕ್ಷ್ಮೇಶ್ವರದ ‘ಕ್ಷ್ಮ’ಕ್ಕೆ ಕೆಲವರು ‘ಎಕ್ಸ್’ ಹಾಕುತ್ತಾರೆ, ಶಿರಹಟ್ಟಿ, ಮುಂಡರಗಿಗಳ ನಡುವಿನ ಅಕಾರವನ್ನು ಕೆಲವರು ನುಂಗುತ್ತಾರೆ. ಎಲ್ಲವನ್ನೂ ಅಂಗಡಿಯ ಹೆಸರಿಗೇ ಜೋಡಿಸಿಬಿಟ್ಟರೆ ಹೇಗೆ? ಹಾಗೆ ಮಾಡುವುದು ನಿಯಮಕ್ಕೆ ವಿರುದ್ಧ, ನೋಂದಣಿಯೇ ಅಮಾನತಾಗಬಹುದು. ಫಲಕದ ಮೇಲಿರುವ ಹೆಸರನ್ನೇ ಬರೆಯಿರಿ. ಫಲಕ, ಬಿಲ್ಲು, ಪೊಟ್ಟಣ ಮೂರರಲ್ಲೂ ಒಂದೇ ಕಾಗುಣಿತವಿರಲಿ.

ದೂರವನ್ನು ಬದಲಿಸಲು ಯಾರಿಗೂ ಸಾಧ್ಯವಿಲ್ಲ. ಮುಂಡರಗಿಯಲ್ಲಿ ನಿಂತು ಹುಡುಕುವವನಿಗೆ ಗದಗಿನ ಮಳಿಗೆ ಕೆಳಗೇ ಉಳಿಯುತ್ತದೆ. ನಮಗೆ ಮಳಿಗೆಯಿಲ್ಲದ ಊರಿನಲ್ಲಿ ಇದೆಯೆಂದು ನೋಂದಾಯಿಸುವುದು ಸುಳ್ಳು. ನಾವು ಹಿಡಿದ ದಾರಿಯೆಂದರೆ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ನಮ್ಮ ಪುಡಿ ಇಟ್ಟುಕೊಂಡಿರುವ ಕಿರಾಣಿ ಅಂಗಡಿಯವರು ತಮ್ಮ ತಮ್ಮ ಅಂಗಡಿಗಳನ್ನೇ ನೋಂದಾಯಿಸಿ, ಮಾರುವ ಸರಕಿನಲ್ಲಿ ನಮ್ಮ ಪುಡಿಯ ಫೋಟೋ ಹಾಕುವಂತೆ ಕೇಳಿಕೊಂಡದ್ದು. ಮೂವರಲ್ಲಿ ಇಬ್ಬರು ಒಪ್ಪಿದ್ದಾರೆ.

ಇನ್ನು ಪ್ರಸಿದ್ಧಿ. ಅದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಅದರ ಸುದ್ದಿ ಬಾಯಿಂದ ಬಾಯಿಗೆ ಹೋಗಿರಬೇಕು. ಇಂದು ಆ ಬಾಯಿಮಾತು ಗಿರಾಕಿಗಳು ಬರೆಯುವ ಅಭಿಪ್ರಾಯಗಳಲ್ಲಿದೆ. ಬರೆಯಿರೆಂದು ಕೇಳಬಹುದು, ಆದರೆ ಅದಕ್ಕಾಗಿ ಕಾಲು ಕಿಲೋ ಪುಡಿ ಬಿಟ್ಟಿ ಕೊಡಕೂಡದು, ಅದು ನಿಷಿದ್ಧ. ಬೈದು ಬರೆದವರಿಗೂ ಸೌಮ್ಯವಾಗಿ ಉತ್ತರಿಸಬೇಕು. “ಪುಡಿ ಬಹಳ ಸಣ್ಣಗಾಗಿದೆ, ಫಿಲ್ಟರಿನಲ್ಲಿ ಇಳಿಯುವುದಿಲ್ಲ” ಎಂದು ಒಬ್ಬರು ಬರೆದದ್ದು ನಿಜವೇ ಆಗಿತ್ತು. ಗಿರಣಿ ಸರಿಪಡಿಸಿ ಅವರಿಗೆ ತಿಳಿಸಿದೆವು.

ಗುರುತು ಸರಿಪಡಿಸಿದ ಮೇಲೆ ದಾರಿ ತಪ್ಪಿದೆನೆಂಬ ದೂರು ನಿಂತಿದೆ. ಮಳಿಗೆ ಬಾಡಿಗೆ ದುಡಿಯುತ್ತಿದೆ; ಲಾಭವೆನ್ನುವಂಥದ್ದು ಇನ್ನೂ ಇಲ್ಲ.

ಸ್ವಂತ ಪುಡಿ ಅಥವಾ ಹೋಂಸ್ಟೇ ಇರುವ ಸದಸ್ಯರು ನೋಂದಣಿಗಾಗಿ ಮಂಗಳವಾರ ಮಧ್ಯಾಹ್ನ ಸಂಘದ ಕಚೇರಿಗೆ ಬರಬಹುದು. ಫಲಕದ ಫೋಟೋ ತನ್ನಿ. ಮಗನ ಅಥವಾ ಅಳಿಯನ ಇಮೇಲಿನಲ್ಲಿ ಖಾತೆ ತೆರೆಯಬೇಡಿ. ಅವರು ಬೆಂಗಳೂರಿಗೆ ಹೋದ ಮೇಲೆ ಕೀಲಿಕೈಯೂ ಅವರ ಜೊತೆಗೇ ಹೋಗುತ್ತದೆ. ತೋಟದ ಮನೆಗೆ ಬಾಗಿಲು ನಂಬರಿಲ್ಲದಿದ್ದರೆ ಚಿಂತೆ ಬೇಡ, ನಕ್ಷೆಯಲ್ಲಿ ಸಿಗುವ ಪ್ಲಸ್ ಕೋಡ್ ಸಾಕು. ಗುರುತು ಹಾಕುವಾಗ ಮಾತ್ರ ಊರು, ತಾಲ್ಲೂಕು ಎರಡನ್ನೂ ಎರಡೆರಡು ಸಲ ನೋಡಿಕೊಳ್ಳಿ.