ಗ್ರಂಥಾಲಯದ ಹೊಸ ಹೆಬ್ಬಾಗಿಲು

ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಎಂಬ ಕಾದಂಬರಿಯನ್ನು ಬರೆದರು. ಬೋರಗಾಂವದಿಂದ ಪೇಟೆಯ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿಯೊಬ್ಬಳು ತನ್ನ ಸೀಮೆಯ ಈ ಲೇಖಕರ ಕೃತಿಯನ್ನು ಓದಬಯಸಿದಳೆನ್ನಿ. ಹಿಂದಿನ ದಿನಗಳಲ್ಲಾಗಿದ್ದರೆ ಅವಳು ಗ್ರಂಥಾಲಯದ ಮರದ ಖಾನೆಗಳನ್ನೆಳೆದು, ಅಕಾರಾದಿಯಾಗಿ ಜೋಡಿಸಿದ್ದ ಕಾರ್ಡುಗಳನ್ನು ತಿರುವುತ್ತಿದ್ದಳು. ಅಲ್ಲಿ ದೊರೆಯದಿದ್ದರೆ ಗ್ರಂಥಪಾಲಕರನ್ನು ಕೇಳುತ್ತಿದ್ದಳು. ಇಂದು ಬಸ್ಸಿನಲ್ಲಿ ಕುಳಿತೇ ಮೊಬೈಲಿನಲ್ಲಿ ಕಾಲೇಜು ಗ್ರಂಥಾಲಯದ ಜಾಲತಾಣವನ್ನು ತೆರೆಯಬಹುದು. ಆದರೆ ತೆರೆದ ಮಾತ್ರಕ್ಕೆ ಪುಸ್ತಕ ದೊರೆತೀತೇ?

ಎಷ್ಟೋ ಜಾಲತಾಣಗಳಲ್ಲಿ ಮೊದಲು ಕಾಣುವುದು ಕಟ್ಟಡದ ದೊಡ್ಡ ಚಿತ್ರ. ಅದರ ಕೆಳಗೆ ಶುಭಸಂದೇಶ, ಸಮಿತಿಯ ಸದಸ್ಯರ ಪಟ್ಟಿ, ಸಮಾರಂಭದ ಚಿತ್ರಗಳು. ಮೂಲೆಯಲ್ಲೆಲ್ಲೋ ‘ಒಪ್ಯಾಕ್’ ಎಂಬ ಪದವಿರುತ್ತದೆ. ಅದು ಗ್ರಂಥಸೂಚಿಗೆ ಗ್ರಂಥಪಾಲಕರ ವೃತ್ತಿಯಲ್ಲಿ ರೂಢಿಯಾಗಿರುವ ಹೆಸರೆಂದು ಹಳ್ಳಿಯಿಂದ ಬಂದ ಹೊಸ ವಿದ್ಯಾರ್ಥಿನಿಗೆ ಹೇಳಿದವರಾರು? ಹೇಗೋ ಅದನ್ನು ಒತ್ತಿ ಕನ್ನಡದಲ್ಲಿ ‘ನಿಸರ್ಗ’ ಎಂದು ಬರೆದರೆ, ‘ಇಲ್ಲ’ ಎಂಬ ಉತ್ತರ ಬರಬಹುದು. ಪುಸ್ತಕವು ಕಪಾಟಿನಲ್ಲಿಯೇ ಇದೆ; ಅದರ ಹೆಸರನ್ನು ಮಾತ್ರ ರೋಮನ್ ಲಿಪಿಯಲ್ಲಿ ದಾಖಲಿಸಲಾಗಿದೆ! ಅವಳಾದರೋ ಇಲ್ಲವೆಂಬುದನ್ನು ನಂಬಿ ಸುಮ್ಮನಾಗುತ್ತಾಳೆ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂಬುದು. ಓದುಗರು ತಾವೇ ಕಪಾಟಿನ ಬಳಿಗೆ ಹೋಗಿ ಪುಸ್ತಕವನ್ನಾರಿಸುವ ಪದ್ಧತಿಯನ್ನು ಅವರು ಎತ್ತಿಹಿಡಿದರು. ಅವರು 1972ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಜಾಲತಾಣವೆಂಬುದನ್ನು ಅವರು ಕಾಣಲಿಲ್ಲ. ಆದರೂ ಅದನ್ನು ತಿದ್ದಲು ಹೊರಟವರಿಗೆ ಈ ನಾಲ್ಕನೆಯ ಸೂತ್ರವೊಂದೇ ಸಾಕೆಂದು ನನಗೆ ತೋರುತ್ತದೆ.

ತಿದ್ದುವ ಕ್ರಮವು ಬಹು ಸರಳವಾದುದು. ಐದಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ‘ಈ ಪುಸ್ತಕವನ್ನು ಹುಡುಕು’, ‘ನಾಳೆ ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತದೆ, ನೋಡಿ ಹೇಳು’ ಎಂದು ಕೆಲಸ ಕೊಡಬೇಕು. ಬಳಿಕ ಸುಮ್ಮನೆ ನೋಡುತ್ತಿರಬೇಕು, ನೆರವಾಗಬಾರದು. (ಅಧ್ಯಾಪಕರಿಗೆ ಇದೇ ಕಠಿನ!) ಅವರ ಬೆರಳು ಎಲ್ಲಿ ತಡೆಯಿತು, ಯಾವ ಪದದ ಮುಂದೆ ಕಣ್ಣು ನಿಂತಿತು ಎಂಬುದನ್ನು ಬರೆದುಕೊಂಡರೆ ದೋಷಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಆಗ ‘ಒಪ್ಯಾಕ್’ ಇದ್ದೆಡೆ ‘ಪುಸ್ತಕ ಹುಡುಕಿ’ ಎಂಬ ಮಾತು ಬರುತ್ತದೆ. ಹುಡುಕುವ ಪಟ್ಟಿಯು ಪುಟದ ನೆತ್ತಿಗೇರುತ್ತದೆ. ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಪುಟ ತೆರೆಯುವುದಕ್ಕೆ ತಡಮಾಡುವ ಭಾರವಾದ ಚಿತ್ರವು ಕೆಳಗಿಳಿಯುತ್ತದೆ.

ಹೆಸರುಗಳ ತೊಡಕು ಇದಕ್ಕಿಂತ ಆಳವಾದುದು. ಕುವೆಂಪು ಎಂದು ಹುಡುಕಿದವನಿಗೆ ಕೆ. ವಿ. ಪುಟ್ಟಪ್ಪನವರೂ, ಆನಂದಕಂದ ಎಂದವನಿಗೆ ಬೆಟಗೇರಿ ಕೃಷ್ಣಶರ್ಮರೂ ದೊರೆಯಬೇಕು. ನಮ್ಮ ಭಾಗದಲ್ಲಿ ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುವುದುಂಟು. ಮಿರ್ಜಿ ಅಣ್ಣಾರಾಯ ಎಂದರೂ ಅಣ್ಣಾರಾಯ ಮಿರ್ಜಿ ಎಂದರೂ ಸೂಚಿಯು ಒಬ್ಬರನ್ನೇ ತೋರಬೇಕು. ಗಡಿಯ ಊರುಗಳಲ್ಲಿ ಕನ್ನಡದೊಡನೆ ಮರಾಠಿಯನ್ನೂ ಓದುವವರಿರುವುದರಿಂದ, ಆಯಾ ಭಾಷೆಯ ಪುಸ್ತಕವನ್ನು ಆಯಾ ಲಿಪಿಯಲ್ಲಿ ಬರೆದೂ ಹುಡುಕುವಂತಿರಬೇಕು.

ಇದಕ್ಕೆ ಬೇಕಾದ ತಂತ್ರಾಂಶಕ್ಕೆ ಹಣ ತೆರಬೇಕಾದುದೇನೂ ಇಲ್ಲ. 2000ದಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ ಬಳಕೆಗೆ ಬಂದ ‘ಕೋಹಾ’ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತದೆ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆಯೆಂದೇ ಅರ್ಥ. ಕನ್ನಡ ಲಿಪಿಯನ್ನು ಅದು ಬಲ್ಲುದು. ಬೇಕಾಗಿರುವುದು ಮನುಷ್ಯರ ದುಡಿಮೆ. ಒಂದೊಂದು ಪುಸ್ತಕವನ್ನೂ ಕೆಳಗಿಳಿಸಿ, ಧೂಳೊರಸಿ, ಶೀರ್ಷಿಕೆಯ ಪುಟವನ್ನು ನೋಡಿ, ಹೆಸರನ್ನು ಕನ್ನಡದಲ್ಲಿಯೇ ಮತ್ತೆ ದಾಖಲಿಸಬೇಕು. ದಿನಕ್ಕೆ ನಲವತ್ತರಂತೆ ಮಾಡಿದರೂ ಹತ್ತು ಸಾವಿರ ಪುಸ್ತಕಗಳಿಗೆ ಇನ್ನೂರ ಐವತ್ತು ದಿನಗಳು ಹಿಡಿಯುತ್ತವೆ.