ತಪ್ಪೊಪ್ಪಿಗೆಯೂ ಅಪೀಲೂ

ಕಾನೂನಿನ ಲೇಖನವೆಂದರೆ ಪುಟ ತಿರುಗಿಸಿಬಿಡುವವರೇ ಹೆಚ್ಚು. ಆದರೆ ಸಂತೆಯ ದಿನ ನಮ್ಮ ಶನಿವಾರಸಂತೆಯ ರಸ್ತೆಯಲ್ಲಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಜೀಪು ತಿರುಗಿಸುವವರನ್ನು ನಾನು ಕಂಡಿರುವುದರಿಂದ, ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕೆಂದು ಕೋರುತ್ತೇನೆ.

1988ರ ಮೋಟಾರು ವಾಹನಗಳ ಅಧಿನಿಯಮದ 184ನೆಯ ಕಲಮು ಅಪಾಯಕರ ಚಾಲನೆಯನ್ನು ಕುರಿತದ್ದು. ಮೊದಲು ಅದರಲ್ಲಿ ಫೋನಿನ ಮಾತಿರಲಿಲ್ಲ. 2018ರಲ್ಲಿ ನೆರೆಯ ಕೇರಳದ ಹೈಕೋರ್ಟು, ಆ ರಾಜ್ಯದ ಪೊಲೀಸ್ ಅಧಿನಿಯಮದ ಕೆಳಗೆ ಬಂದ ಮೊಕದ್ದಮೆಯೊಂದರಲ್ಲಿ, ಚಾಲಕನು ಫೋನಿನಲ್ಲಿ ಮಾತನಾಡಿದ ಮಾತ್ರಕ್ಕೆ ಸಾರ್ವಜನಿಕರಿಗೆ ಅಪಾಯವಾಯಿತೆಂದು ಭಾವಿಸುವಂತಿಲ್ಲ ಎಂದು ತೀರ್ಪಿತ್ತಿತು. ಈಗಲೂ ಕೆಲವರು ಈ ತೀರ್ಪನ್ನು ಹೇಳಿ ಧೈರ್ಯ ತಂದುಕೊಳ್ಳುವುದುಂಟು. ಅದು ಹುಸಿ ಧೈರ್ಯ. 2019ರ ತಿದ್ದುಪಡಿಯು ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು 184ನೆಯ ಕಲಮಿನೊಳಗೇ ಸೇರಿಸಿತು. 2019ರ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಶಿಕ್ಷೆಯಾದವನಿಗೆ ಅಪೀಲಿನ ಹಕ್ಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೆಯ ಕಲಮಿನಂತೆ, ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ, ಎಂದರೆ ನಮ್ಮ ಜಿಲ್ಲೆಯವರು ಮಡಿಕೇರಿಗೆ, ಹೋಗಬಹುದು. ಬಹಳ ಸಣ್ಣ ದಂಡಕ್ಕೆ ಅಪೀಲಿಲ್ಲವೆಂಬ ನಿಯಮವೂ ಇದೆ. ಆದರೆ ಅದು ನೂರು ಇನ್ನೂರು ರೂಪಾಯಿಯ ಮಾತು, ಸಾವಿರಕ್ಕೆ ತಗಲದು.

ತೊಡಕೆಲ್ಲ ಇರುವುದು 416ನೆಯ ಕಲಮಿನಲ್ಲಿ. ಕೋರ್ಟಿನಲ್ಲಿ ನಿಂತು "ತಪ್ಪಾಯಿತು ಸ್ವಾಮಿ" ಎಂದು ಒಪ್ಪಿಕೊಂಡವನಿಗೆ, ತಾನು ನಿರಪರಾಧಿಯೆಂದು ಆಮೇಲೆ ಅಪೀಲು ಮಾಡುವ ದಾರಿಯಿಲ್ಲ. ಶಿಕ್ಷೆ ಅತಿಯಾಯಿತು ಅಥವಾ ಕಾನೂನಿಗೆ ಹೊರತಾಯಿತು ಎಂದು ಮಾತ್ರ ಕೇಳಬಹುದು. ಒಂದು ದಿನದ ಕೂಲಿ ಉಳಿಯಲೆಂದು ಒಪ್ಪಿಕೊಳ್ಳುವ ಬಡ ಚಾಲಕನಿಗೆ ಇದನ್ನು ಮೊದಲೇ ತಿಳಿಸುವವರು ಯಾರು? ಜೀಪು ನಿಂತಿತ್ತೇ, ಓಡುತ್ತಿತ್ತೇ? ಪೊಲೀಸಿನವರು ಎಷ್ಟು ದೂರದಿಂದ ನೋಡಿದರು? ಆ ಹೊತ್ತಿನಲ್ಲಿ ಕರೆ ಬಂದದ್ದಕ್ಕೆ ದಾಖಲೆಯುಂಟೇ? ಅಥವಾ ದಾರಿ ನೋಡಲು ಮಾತ್ರ ಫೋನು ಇಟ್ಟಿದ್ದನೇ? ಗಮನ ಕದಡದಂತೆ ದಾರಿ ನೋಡಲು ಫೋನು ಬಳಸುವುದಕ್ಕೆ 2020ರ ಅಕ್ಟೋಬರಿನಿಂದ ನಿಯಮಗಳೇ ಅವಕಾಶ ಕೊಟ್ಟಿವೆ. ಇವೆಲ್ಲ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳು. ಅಲ್ಲಿ ಕೇಳದಿದ್ದರೆ ಅಪೀಲಿನಲ್ಲಿ ಅವಕ್ಕೆ ಬಲವಿರದು.

ಅಪೀಲಿಗೆ ಮೂವತ್ತು ದಿನಗಳ ಅವಧಿ. ತೀರ್ಪಿನ ದೃಢೀಕೃತ ನಕಲು ಪಡೆಯಲು ಬೇಕಾದ ಕಾಲ ಈ ಲೆಕ್ಕದಲ್ಲಿ ಸೇರದು. ಅಪೀಲು ತೀರುವವರೆಗೆ ಶಿಕ್ಷೆಯನ್ನು ತಡೆಹಿಡಿಯಬೇಕೆಂದು ಬೇರೆ ಅರ್ಜಿ ಕೊಡಬೇಕು.

ರಸ್ತೆಯಲ್ಲೇ ದಂಡ ಕಟ್ಟಿ ರಸೀದಿ ಪಡೆದರೆ ಅದು ರಾಜಿ; ಶಿಕ್ಷೆಯಲ್ಲ. ಆದ್ದರಿಂದ ಅದರ ಮೇಲೆ ಅಪೀಲಿನ ಪ್ರಶ್ನೆಯೇ ಏಳದು. ಆದರೂ ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಆ ರಸೀದಿಯೇ ಮೊದಲ ಅಪರಾಧವೆನಿಸಿ, ದಂಡ 10,000 ರೂಪಾಯಿಗೆ ಏರುತ್ತದೆ; ಎರಡು ವರ್ಷದವರೆಗೆ ಸೆರೆಯೂ ಆಗಬಹುದು.

ಚಾಲಕನ ಅನ್ನಕ್ಕೆ ಕುತ್ತು ಬರುವುದು ದಂಡಕ್ಕಿಂತ ಲೈಸೆನ್ಸಿನಿಂದ. ಅದನ್ನು ಅಮಾನತು ಮಾಡುವ ಮೊದಲು ಸಾರಿಗೆ ಅಧಿಕಾರಿಗಳು ಅವನ ಅಹವಾಲು ಕೇಳಬೇಕು. ಆ ಆಜ್ಞೆಯ ಮೇಲೆ, ಅದು ಕೈಸೇರಿದ ಮೂವತ್ತು ದಿನಗಳೊಳಗೆ, ಗೊತ್ತುಪಡಿಸಿದ ಮೇಲಧಿಕಾರಿಗೆ ಪ್ರತ್ಯೇಕವಾದ ಅಪೀಲು ಸಲ್ಲಿಸಬಹುದು.