ಕಾರಣ ಬರೆದುಕೊಡಿ ಎಂದು ಕೇಳು

ರಾಯಚೂರು

ಮಗಳೇ,

ಅವ್ವನ ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿ ತಿರಸ್ಕೃತವಾಗಿದೆ ಎಂದು ಮೊಬೈಲಿಗೆ ಬಂದ ಒಂದು ಸಾಲು ಓದಿ ನೀನು ಕುಸಿದಿದ್ದೀಯ. ನಿನ್ನ ಹೆಸರು ಇಲ್ಲಿ ಬರೆಯುವುದಿಲ್ಲ. ದೇವದುರ್ಗ, ಮಾನ್ವಿ ತಾಲೂಕಿನ ಎಷ್ಟೋ ಮನೆಗಳಲ್ಲಿ ನಿನ್ನಂಥ ಮಕ್ಕಳು ಇದೇ ಸಾಲು ಓದಿ ಸುಮ್ಮನಾಗಿದ್ದಾರೆ, ಈ ಪತ್ರ ಅವರಿಗೂ ಇರಲಿ. ತಿಂಗಳಿಗೆ 1,200 ರೂಪಾಯಿ. ಬಿಪಿ ಮಾತ್ರೆ, ಚಹಾಪುಡಿ, ಮೊಮ್ಮಕ್ಕಳ ಕೈಗೆ ಹತ್ತು ರೂಪಾಯಿ, ಇವನ್ನೆಲ್ಲ ಅದರಲ್ಲೇ ನಿಭಾಯಿಸುವ ಮುದುಕಿಯರನ್ನು ನಾನು ಬಲ್ಲೆ. ಅದನ್ನು ಕೇಳುವುದಕ್ಕೆ ಅವ್ವ ನಾಚಿಕೊಳ್ಳುತ್ತಾಳೆ ಎಂದೆಯಲ್ಲ, ಮುಪ್ಪಿನಲ್ಲಿ ಸರ್ಕಾರದ ನೆರವಿನ ಮಾತನ್ನು ಸಂವಿಧಾನದ 41ನೇ ವಿಧಿಯಲ್ಲೇ ಬರೆದಿದ್ದಾರೆ ಎಂದು ಅವಳಿಗೆ ಹೇಳು.

ಮೊದಲು ಒಂದು ಕೆಲಸ ಮಾಡು. ತಿರಸ್ಕರಿಸಿದ್ದು ಏಕೆ ಎಂಬುದನ್ನು ಬರಹದಲ್ಲಿ ಪಡೆ. ಕೌಂಟರಿನಲ್ಲಿ ಕುಳಿತವರು ಬಾಯಲ್ಲಿ ಹೇಳಿದ್ದು ಸಾಲದು. ಅರ್ಜಿ ಕೊಟ್ಟಾಗ ನಾಡಕಚೇರಿಯಲ್ಲಿ ಕೊಟ್ಟ ಸ್ವೀಕೃತಿಯಲ್ಲಿ ಹದಿನೈದು ಅಂಕಿಗಳ ಸಕಾಲ ಸಂಖ್ಯೆ ಇದೆ, ಅದನ್ನು ಹುಡುಕಿ ತೆಗೆ. 2011ರ ಸಕಾಲ ಕಾಯ್ದೆಯ ಪ್ರಕಾರ ಅರ್ಜಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಕಾರಣ ಗೊತ್ತಿಲ್ಲದೆ ಮತ್ತೊಂದು ಅರ್ಜಿ ಹಾಕಿದರೆ ಅದೇ ತಪ್ಪು ಮತ್ತೆ ಅದೇ ಮೇಜಿಗೆ ಹೋಗುತ್ತದೆ.

ನಮ್ಮ ಕಡೆ ಕಾರಣಗಳು ಬಹಳ ಸಲ ಅವವೇ. ವಯಸ್ಸಿನದು ಎಲ್ಲಕ್ಕಿಂತ ದೊಡ್ಡದು. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಕಾಲದಲ್ಲೂ ಅದರ ನಂತರದ ವರ್ಷಗಳಲ್ಲೂ ಹೊಲದ ಬದುವಿನ ಮೇಲೆ, ಮನೆಯ ಪಡಸಾಲೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಜನನವನ್ನು ಯಾರು ಬರೆಸಿದರು? ಶಾಲೆಯ ಮುಖ ನೋಡದವರಿಗೆ ಟಿಸಿ ಎಲ್ಲಿಂದ ಬರಬೇಕು? ಆಧಾರ್ ಮಾಡಿಸುವಾಗ ಆಪರೇಟರ್ ಮುಖ ನೋಡಿ ಅಂದಾಜಿಗೆ ಒಂದು ಇಸವಿ ಹಾಕಿ, ಜನವರಿ 1 ಎಂದು ಕೂಡಿಸಿದ. ವೋಟರ್ ಕಾರ್ಡಿನಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಇದರಲ್ಲಿ ಅವ್ವನ ತಪ್ಪು ಏನೂ ಇಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರಗಳನ್ನೂ ನೋಡು. ಒಂದರಲ್ಲಿ ಯಲ್ಲಮ್ಮ, ಇನ್ನೊಂದರಲ್ಲಿ ಎಲ್ಲವ್ವ ಆಗಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು.

ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು. ದಾಖಲೆಯಲ್ಲಿ ಅವ್ವನಿಗೆ 62 ಆಗಿದ್ದರೆ ಆ ಅರ್ಜಿಯ ಹಿಂದೆ ಅಲೆಯಬೇಡ. ಬಿಪಿಎಲ್ ಕುಟುಂಬದವರಿಗೆ 60ಕ್ಕೇ ಇಂದಿರಾಗಾಂಧಿ ವೃದ್ಧಾಪ್ಯ ವೇತನ ಇದೆ, ಗಂಡ ತೀರಿಕೊಂಡವರಿಗೆ ವಿಧವಾ ವೇತನ ಇದೆ. ಎರಡರಲ್ಲೂ ಈ ವಯಸ್ಸಿಗೆ 800 ರೂಪಾಯಿ. ಒಬ್ಬರಿಗೆ ಒಂದೇ ಪಿಂಚಣಿ, ಆದರೆ ಗೃಹಲಕ್ಷ್ಮಿಯ ಹಣ ಬೇರೆ, ಅದಕ್ಕೂ ಇದಕ್ಕೂ ಗಂಟು ಹಾಕಬೇಡ.

ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ತಮ್ಮನ ಸ್ಕಾಲರ್‌ಶಿಪ್ಪಿಗೆಂದು ಮಾಡಿಸಿದ ಆದಾಯ ಪ್ರಮಾಣಪತ್ರದಲ್ಲಿ ಅದಕ್ಕಿಂತ ಹೆಚ್ಚು ಬರೆಸಿದ್ದರೆ ಅದೇ ಇಲ್ಲಿ ಅಡ್ಡ ಬರಬಹುದು. ಇನ್ನು ಗುಳೆ. ನೀವೆಲ್ಲ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿದ್ದಾಗ ಗ್ರಾಮ ಆಡಳಿತಾಧಿಕಾರಿ, ಅಂದರೆ ಊರವರ ಬಾಯಲ್ಲಿ ತಲಾಟಿ, ಮನೆಗೆ ಬಂದು ಬೀಗ ಕಂಡರೆ ‘ವಾಸವಿಲ್ಲ’ ಎಂಬ ವರದಿ ಹೋಗಬಹುದು. ಹೊಟ್ಟೆಪಾಡಿಗೆ ಊರು ಬಿಟ್ಟದ್ದೇ ಪಿಂಚಣಿಗೆ ಮುಳುವಾಗುವುದು ನನಗೆ ತಡೆಯಲಾರದ ಸಂಕಟ. ಪಂಚಾಯಿತಿಯಿಂದ ವಾಸದ ದೃಢೀಕರಣ ಪಡೆದು ಲಗತ್ತಿಸು, ಮರುಪರಿಶೀಲನೆ ಕೇಳು. ಮಾನ್ವಿಯಿಂದ ಬೇರೆಯಾಗಿ ಸಿರವಾರ ತಾಲೂಕು ಆದ ಮೇಲೆ ಅಲ್ಲಿನ ಹಳ್ಳಿಯವರ ಹಳೆಯ ಕಾಗದಗಳಲ್ಲಿ ಇನ್ನೂ ಮಾನ್ವಿ ಎಂದೇ ಇದೆ, ಅದನ್ನೂ ಗಮನಿಸು.

ದಲ್ಲಾಳಿಯ ಹತ್ತಿರ ಮಾತ್ರ ಹೋಗಬೇಡ. ಆಧಾರ್‌ನಲ್ಲಿ ವಯಸ್ಸು ಏರಿಸಿ ಕೊಡುತ್ತೇನೆ ಎನ್ನುತ್ತಾನೆ. ಹಾಗೆ ಏರಿಸಿಕೊಂಡವರನ್ನು ಕಂದಾಯ ಇಲಾಖೆ ಹುಡುಕಿ ಕೈಬಿಡುತ್ತಿದೆ, ಆಗ ಅವನು ಫೋನ್ ಎತ್ತುವುದಿಲ್ಲ. ಇಲಾಖೆಯದೇ ಸಹಾಯವಾಣಿ 155245 ಇದೆ, ಪಿಂಚಣಿ ಅದಾಲತ್ ನಡೆಯುವ ದಿನ ನಾಡಕಚೇರಿಯಲ್ಲಿ ಕೇಳಿಕೊ. ಅವ್ವನನ್ನು ಜೊತೆಗೆ ಕರೆದೊಯ್ಯಿ. 2023ರ ಜೂನ್‌ನಿಂದ ನಿಮ್ಮಿಬ್ಬರಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ಕೂಲಿ ತಪ್ಪುವುದೊಂದೇ ನಷ್ಟ.

ಕಾರಣ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕು. ಪಿಂಚಣಿಯ ವಿಷಯದಲ್ಲಿ ಅದು ಸಾಮಾನ್ಯವಾಗಿ ಸಹಾಯಕ ಆಯುಕ್ತರ ಮುಂದೆ ಹೋಗುತ್ತದೆ. ಮಾಹಿತಿ ಹಕ್ಕಿನಲ್ಲಿ ಕಡತದ ನಕಲನ್ನೂ ಕೇಳಬಹುದು, ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಶುಲ್ಕವಿಲ್ಲ. ಆದರೆ ಆ ಉತ್ತರಕ್ಕೂ 30 ದಿನ ಹಿಡಿಯಬಹುದು, ಅದನ್ನು ಕಾಯುತ್ತ ಮೇಲ್ಮನವಿಯ ಗಡುವು ಕಳೆದುಕೊಳ್ಳಬೇಡ. ಬರೆಯುವುದು ಕಷ್ಟವಾದರೆ ದೇವದುರ್ಗ, ಮಾನ್ವಿ ಎರಡೂ ಕಡೆ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟೆಂದು ಕೇಳುವಂತಿಲ್ಲ.

ಮೇಲ್ಮನವಿ ಒಂದು ಪುಟ ಮೀರದಿರಲಿ. ಸಕಾಲ ಸಂಖ್ಯೆ, ತಿರಸ್ಕರಿಸಿದ ದಿನ, ಅವರು ಕೊಟ್ಟ ಕಾರಣ, ಅದು ಏಕೆ ತಪ್ಪು, ಯಾವ ಕಾಗದ ಅದನ್ನು ತೋರಿಸುತ್ತದೆ, ಇಷ್ಟು ಬರೆ. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊ. ಅವ್ವ ಹೆಬ್ಬೆಟ್ಟು ಒತ್ತುವುದಾದರೆ ಪಕ್ಕದಲ್ಲಿ ಅವಳ ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆಯೇ ಬರೆದು, ಕೆಳಗೆ ಸಾಕ್ಷಿಯಾಗಿ ನೀನು ಸಹಿ ಹಾಕು.